ಮೊದಲ ಜೋಡಿ ಕಾಲುಚೀಲ ಹೆಣೆಯುತ್ತಿದ್ದೇನೆ, ಹಿಮ್ಮಡಿ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ

ಮುಳ್ಳೇರಿಯದವಳು · ಜೂನ್ 16

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯಲ್ಲಿ ಅಥವಾ ಗಡಿ ಊರುಗಳಲ್ಲಿ ಕಾಲುಚೀಲ ಹೆಣೆದು ಗೊತ್ತಿರುವವರು ಯಾರಾದರೂ ಇದ್ದೀರಾ?

ಈ ಸೆಖೆಯ ಊರಲ್ಲಿ ಉಣ್ಣೆ ಯಾಕೆ ಅಂತ ಮನೆಯಲ್ಲೂ ಕೇಳಿದರು. ಅಪ್ಪನಿಗೆ 74. ಮಳೆಗಾಲ ಶುರುವಾಯಿತೆಂದರೆ ರಾತ್ರಿ ಕಾಲು ತಣ್ಣಗಾಗಿ ನಿದ್ದೆ ಬರುವುದಿಲ್ಲ. ಅಂಗಡಿಯಿಂದ ಕಾಲುಚೀಲ ತಂದುಕೊಟ್ಟೆ. ಅದರ ಇಲಾಸ್ಟಿಕ್ ಮೀನಖಂಡದ ಕೆಳಗೆ ಹಗ್ಗ ಕಟ್ಟಿದ ಹಾಗೆ ಕೆಂಪು ಗೆರೆ ಮಾಡುತ್ತದೆ. ನಡುರಾತ್ರಿ ಎದ್ದು ತೆಗೆದು ಮಂಚದ ಕೆಳಗೆ ಹಾಕುತ್ತಾರೆ, ಬೆಳಿಗ್ಗೆ ಬರಿಗಾಲಲ್ಲಿ ತಣ್ಣನೆಯ ಸಿಮೆಂಟ್ ನೆಲದ ಮೇಲೆ ಓಡಾಟ. ಹಾಗಾಗಿ ನಾನೇ ಹೆಣೆದು ಕೊಡಬೇಕು ಅಂತ ಮನಸ್ಸಾಯಿತು.

ನನಗೆ ಮಫ್ಲರ್ ಬರುತ್ತದೆ, ಅಕ್ಕನ ಮಗುವಿಗೆ ಒಂದು ಟೋಪಿ ಮಾಡಿದ್ದೆ. ಅಷ್ಟೇ. ಇಂಗ್ಲಿಷ್ ವಿಡಿಯೋ ನೋಡಿ 64 ಕುಣಿಕೆ ಹಾಕಿದೆ, 2.75 ಮಿ.ಮೀ. ಕಡ್ಡಿ. ಬಾರ್ಡರ್ ಮುಗಿಸಿ ನಾಲ್ಕು ಇಂಚು ಇಳಿದೆ. ಅಪ್ಪನ ಕಾಲಿಗೆ ಏರಿಸಿ ನೋಡಿದರೆ ಸುತ್ತ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ! ಇನ್ನು ಹಿಮ್ಮಡಿ ಮಾಡುವ ಭಾಗ ಹತ್ತು ಸಲ ನೋಡಿದೆ, ತಲೆಗೆ ಹೋಗಲಿಲ್ಲ. ಬಿಚ್ಚಲಾ? ಮುಂದುವರಿಸಲಾ?

ಕೋತಗಿರಿ ಅಕ್ಕ · ಜೂನ್ 16

ತಂಗಿ, ಬಿಚ್ಚು. ನಾಲ್ಕು ಇಂಚಲ್ಲೇ ಗೊತ್ತಾಯಿತಲ್ಲ, ಪೂರ್ತಿ ಹೆಣೆದ ಮೇಲೆ ಗೊತ್ತಾಗಿದ್ದರೆ ಅಳು ಬರುತ್ತಿತ್ತು. ನಾನು ನೀಲಗಿರಿಯವಳು, ಇಲ್ಲಿ ಡಿಸೆಂಬರಲ್ಲಿ ಕಾಲುಚೀಲ ಇಲ್ಲದೆ ಮಲಗುವುದಕ್ಕೇ ಆಗುವುದಿಲ್ಲ. ಮೂವತ್ತು ವರ್ಷದಿಂದ ಹೆಣೆಯುತ್ತಿದ್ದೇನೆ.

64 ಅನ್ನುವುದು ವಿಡಿಯೋದವರ ಕಾಲಿನ ಲೆಕ್ಕ, ನಿಮ್ಮಪ್ಪನ ಕಾಲಿನದ್ದಲ್ಲ. ಅವರ ನೂಲು ಬೇರೆ, ಕೈಯ ಬಿಗಿ ಬೇರೆ. ನೀನು ಮೂರು ಅಳತೆ ತೆಗೆದುಕೊಂಡು ಬಾ. ಒಂದು, ಪಾದದ ಅಗಲವಾದ ಜಾಗದಲ್ಲಿ, ಅಂದರೆ ಬೆರಳುಗಳ ಬುಡದ ಹತ್ತಿರ, ಟೇಪು ಸುತ್ತಿ ಎಷ್ಟು ಅಂತ. ಎರಡು, ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಗೋಡೆಯಿಂದ ಹೆಬ್ಬೆರಳ ತುದಿಯವರೆಗೆ. ನಿಂತಾಗಲೇ ಅಳೆಯಬೇಕು, ಕೂತರೆ ಪಾದ ಚಿಕ್ಕದಾಗುತ್ತದೆ. ಮೂರು, ಈಗ ಹೆಣೆದ ತುಂಡಿನಲ್ಲಿ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂದಿದೆ ಅಂತ ಸ್ಕೇಲಿಟ್ಟು ಎಣಿಸು. ಬಿಚ್ಚುವ ಮೊದಲು ಎಣಿಸು. ಆ ತುಂಡೇ ನಿನ್ನ ಅಳತೆ ತುಂಡು, ಅದೂ ಸುತ್ತಾಗಿ ಹೆಣೆದದ್ದು. ಮಫ್ಲರಿನ ಹಾಗೆ ಚಪ್ಪಟೆ ಹೆಣೆದರೆ ತುಂಬಾ ಜನರ ಕೈಯಲ್ಲಿ ತಿರುಗಿಸಿ ಹಿಂಬದಿಯಿಂದ ಹೆಣೆಯುವ ಉಲ್ಟಾ ಸಾಲು ಸಡಿಲವಾಗುತ್ತದೆ, ಲೆಕ್ಕ ತಪ್ಪುತ್ತದೆ.

ಹೊಸೂರು ಶಿಫ್ಟ್ · ಜೂನ್ 17

ಅಕ್ಕ, ನೂಲು ಯಾವುದು ಅಂತ ಬರೆದಿಲ್ಲ. ನಾನು ಇದರಲ್ಲೇ ಎಡವಿದ್ದು. ಫ್ಯಾಕ್ಟರಿಯಲ್ಲಿ ಇಡೀ ದಿನ ಸೇಫ್ಟಿ ಶೂ, ಅಂಗಡಿ ಸಾಕ್ಸ್ ಎರಡು ತಿಂಗಳಿಗೆ ತೂತು, ಅದಕ್ಕೇ ಕಲಿಯಲು ಹೊರಟೆ. ಪ್ಯಾಟರ್ನಲ್ಲಿ 4 ಅಂತ ಇತ್ತು, ಅಂಗಡಿಯಲ್ಲಿ 4 ಪ್ಲೈ ಅಂತ ಕೇಳಿ ತಂದೆ. ಆಮೇಲೆ ತಿಳಿಯಿತು, ಅಮೆರಿಕದವರು 4 ಅಂತ ಬರೆದರೆ ಅದು ಸ್ವೆಟರಿನ ದಪ್ಪ ನೂಲು. ಬ್ರಿಟನ್ ಕಡೆಯ 4 ಪ್ಲೈ ಅಂದರೆ ಕಾಲುಚೀಲದ ಸಣ್ಣ ನೂಲು. ಅಂಕಿ ಒಂದೇ, ವಸ್ತು ಎರಡು. ನೂಲಿನ ಚೀಟಿಯಲ್ಲಿ ತೂಕಕ್ಕೆ ಎಷ್ಟು ಮೀಟರ್ ಅಂತ ನೋಡಿ ಅಕ್ಕ. 100 ಗ್ರಾಮಿಗೆ 400 ಮೀಟರ್ ಆಸುಪಾಸು ಇದ್ದರೆ ಕಾಲುಚೀಲಕ್ಕೆ ಸರಿ.

ಕಡ್ಡಿಯ ನಂಬರೂ ಹಾಗೇ. ನಮ್ಮ ಅಂಗಡಿಗಳಲ್ಲಿ ನಂಬರ್ ಜಾಸ್ತಿಯಾದ ಹಾಗೆ ಕಡ್ಡಿ ಸಣ್ಣ, 12 ನಂಬರ್ ಅಂದರೆ 2.75 ಮಿ.ಮೀ., 14 ಅಂದರೆ 2. ಅಮೆರಿಕದ ಲೆಕ್ಕದಲ್ಲಿ ಅದೇ 2.75 ಕಡ್ಡಿಗೆ 2 ನಂಬರ್. ಮಿಲಿಮೀಟರ್ ಒಂದನ್ನೇ ನಂಬಿ.

ಕೋತಗಿರಿ ಅಕ್ಕ · ಜೂನ್ 17

ಹುಡುಗ ಸರಿಯಾಗಿ ಹೇಳಿದ. ಅಂದ ಹಾಗೆ ಕಡ್ಡಿ ತರುವಾಗ ಪೋನಿ ಕಂಪನಿಯದ್ದು ಸಿಕ್ಕಿದರೆ ಅದು ನಮ್ಮ ನೀಲಗಿರಿಯದ್ದೇ, ಕೇತಿಯ ಕಾರ್ಖಾನೆಯಲ್ಲಿ ಮಾಡುತ್ತಾರೆ. ಊಟಿ ರೈಲಿನಲ್ಲಿ ಹೋದವರು ಕೇತಿ ಸ್ಟೇಷನ್ ನೋಡಿರುತ್ತೀರಿ.

ಮುಳ್ಳೇರಿಯದವಳು · ಜೂನ್ 18

ಅಳತೆ ತಂದಿದ್ದೇನೆ. ಪಾದದ ಸುತ್ತಳತೆ 24 ಸೆಂ.ಮೀ. ಉದ್ದ 25. ಅಪ್ಪನನ್ನು ಗೋಡೆಗೆ ನಿಲ್ಲಿಸಿದಾಗ "ಎಂತ, ಶಾಲೆಗೆ ಸೇರಿಸುತ್ತೀಯಾ" ಅಂತ ಕೇಳಿದರು. 10 ಸೆಂಟಿಮೀಟರಿಗೆ 24 ಕುಣಿಕೆ ಬಂದಿದೆ. ನೂಲು ಅಂಗಡಿಯಲ್ಲಿ ವುಲನ್ ಅಂತ ಕೊಟ್ಟದ್ದು, ಚೀಟಿ ಇಲ್ಲ.

ಸೊಲ್ಲಾಪುರದ ನೂಲು · ಜೂನ್ 18

ಚೀಟಿ ಇಲ್ಲದಿದ್ದರೆ ಸುಟ್ಟು ನೋಡ್ರಿ. ಬೆರಳುದ್ದ ನೂಲು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಬೆಂಕಿಕಡ್ಡಿ ಗೀರಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕರಿ ಮಣಿ ಆಗುತ್ತದೆ. ಬಿಸಿ ಇರುವಾಗ ಮುಟ್ಟಬೇಡ್ರಿ. ಅಂಗಡಿಯವರು ವುಲನ್ ಅನ್ನುವುದರಲ್ಲಿ ಬಹಳಷ್ಟು ಅಕ್ರಿಲಿಕ್ಕೇ.

ಮಂಜೇಶ್ವರ ಕಡಲು · ಜೂನ್ 18

ನಮ್ಮ ಕರಾವಳಿಗೆ ಹತ್ತಿ ನೂಲಲ್ಲೇ ಮಾಡಬಹುದಲ್ವಾ? ಬೆವರು ಹೀರುತ್ತದೆ. ನಾನು ಹತ್ತಿಯಲ್ಲಿ ಚೀಲ, ಟೀಪಾಯಿ ಬಟ್ಟೆ ಎಲ್ಲ ಮಾಡಿದ್ದೇನೆ. ಮತ್ತೆ ಐದು ಕಡ್ಡಿ ಹಿಡಿದು ಒದ್ದಾಡುವ ಬದಲು ಉದ್ದ ತಂತಿಯ ಒಂದೇ ಸರ್ಕ್ಯುಲರ್ ಕಡ್ಡಿ ತಗೊಳ್ಳಿ, 80 ಸೆಂ.ಮೀ.ಗೆ ಮೇಲಿನದ್ದು. ತಂತಿಯನ್ನು ನಡುವೆ ಎಳೆದು ಅರ್ಧರ್ಧ ಹೆಣೆಯುವುದು, ಮ್ಯಾಜಿಕ್ ಲೂಪ್ ಅನ್ನುತ್ತಾರೆ. ಬಸ್ಸಿನಲ್ಲಿ ಕೂತರೂ ಕಡ್ಡಿ ಜಾರಿ ಬೀಳುವುದಿಲ್ಲ.

ಸೊಲ್ಲಾಪುರದ ನೂಲು · ಜೂನ್ 19

ಹತ್ತಿ ಬಗ್ಗೆ ನಾ ಒಂದು ಮಾತು ಹೇಳಲೇಬೇಕು, ಯಾಕಂದರೆ ದಿನಾ ಅದರ ಜೊತೆಗೇ ನನ್ನ ಬದುಕು, ಟವೆಲ್ ಮಗ್ಗದ ಕೆಲಸ ನನ್ನದು. ಹತ್ತಿ ನೀರು ಕುಡಿಯುತ್ತದೆ, ಅದಕ್ಕೇ ಟವೆಲಿಗೆ ಒಳ್ಳೇದು. ಆದರೆ ಕುಡಿದ ನೀರು ಬೇಗ ಬಿಡುವುದಿಲ್ಲ. ಮಳೆಗಾಲದ ರಾತ್ರಿ ಒದ್ದೆ ಹತ್ತಿ ಕಾಲಿಗೆ ಸುತ್ತಿಕೊಂಡರೆ ಇನ್ನೂ ತಣ್ಣಗೆ. ಎರಡನೇದು, ಹತ್ತಿ ಎಳೆ ಹಿಗ್ಗಿದರೆ ಉಣ್ಣೆಯ ಹಾಗೆ ವಾಪಸ್ ಬರುವುದಿಲ್ಲ. ಬೆಳಿಗ್ಗೆ ಸರಿಯಿದ್ದ ಕಾಲುಚೀಲ ಸಂಜೆಗೆ ಗಂಟಿನ ಹತ್ತಿರ ಜೋತು ಬಿದ್ದಿರುತ್ತದೆ. ಇಲಾಸ್ಟಿಕ್ ಬೇಡ ಅನ್ನುವ ಯಜಮಾನರಿಗೆ ನೂಲೇ ಹಿಗ್ಗಿ ಕುಗ್ಗಬೇಕು. ಉಣ್ಣೆ 75, ನೈಲಾನ್ 25 ಇರುವ ಕಾಲುಚೀಲದ ನೂಲು ಸಿಗುತ್ತದೆ. ನೈಲಾನ್ ಇರುವುದು ಹಿಮ್ಮಡಿ ಸವೆಯಬಾರದು ಅಂತ.

ಮಡಕಶಿರಾ ಕಂಬಳಿ · ಜೂನ್ 19

ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಅಜ್ಜಿ ಕೈಯಲ್ಲಿ ನೂಲು ತೆಗೆಯುವುದು, ಹುಣಸೆ ಬೀಜದ ಗಂಜಿ ಹಾಕಿ ಹಾಸಿನ ನೂಲು ಗಟ್ಟಿ ಮಾಡುವುದು ನೋಡಿಕೊಂಡೇ ಬೆಳೆದೆ. ನಮ್ಮ ಕರಿ ಕುರಿ ಉಣ್ಣೆಯಲ್ಲಿ ಕಾಲುಚೀಲ ಆಗುತ್ತಾ ಅಂತ ಆಸೆಯಿಂದ ಒಮ್ಮೆ ಪ್ರಯತ್ನಿಸಿದೆ. ಹೆಣೆಯಲು ಬರುತ್ತದೆ, ಆದರೆ ಎಳೆ ಒರಟು, ಬರಿಗಾಲಿಗೆ ಚುಚ್ಚುತ್ತದೆ. ಮಳೆ ತಡೆಯುವುದಕ್ಕೆ ಅದರ ಸಮ ಇಲ್ಲ, ಆದರೆ ವಯಸ್ಸಾದವರ ಚರ್ಮಕ್ಕೆ ಬೇಡ. ಮೆತ್ತಗಿನ ಉಣ್ಣೆಯೇ ತಗೊಳ್ಳಿ.

ಮುಳ್ಳೇರಿಯದವಳು · ಜೂನ್ 27

ಸುಟ್ಟೆ. ಕರಿ ಮಣಿ! ಕಡಲೆಕಾಳಿನ ಹಾಗೆ ಗಟ್ಟಿ. ಆ ನೂಲು ಅಭ್ಯಾಸಕ್ಕೆ ಅಂತ ಇಟ್ಟು, 75–25ರ ನೂಲು 100 ಗ್ರಾಂ ತರಿಸಿದೆ. ಬೂದು ಬಣ್ಣ. ಅದೇ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆ ಬಂತು. ಈಗ ಎಷ್ಟು ಹಾಕಲಿ?

ಕೋತಗಿರಿ ಅಕ್ಕ · ಜೂನ್ 27

ಬಾ, ಲೆಕ್ಕ ಮಾಡೋಣ. ಒಂದು ಸೆಂಟಿಮೀಟರಿಗೆ 2.8. ಪಾದ 24. ಗುಣಿಸಿದರೆ 67. ಅಷ್ಟೇ ಹಾಕಿದರೆ ಕಾಲುಚೀಲ ಕಾಲಿನಷ್ಟೇ ದೊಡ್ಡದಾಗುತ್ತದೆ, ನಿಲ್ಲುವುದಿಲ್ಲ. ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಬೇಕು, ಹಿಗ್ಗಿ ಕೂರಲಿ ಅಂತ. 67ರಲ್ಲಿ 7 ಹೋದರೆ 60. ನಾಲ್ಕರಿಂದ ಭಾಗವಾಗುತ್ತದೆ, ಎರಡು ಸೀದಾ ಎರಡು ಉಲ್ಟಾ ಬಾರ್ಡರಿಗೆ ಸರಿಯಾಯಿತು.

ಅಪ್ಪನಿಗೆ ಗೆರೆ ಬೀಳಬಾರದು ಅಂದೆಯಲ್ಲ. ಮೊದಲು ಕುಣಿಕೆ ಏರಿಸುವಾಗ ಎರಡು ಕಡ್ಡಿ ಒಟ್ಟಿಗೆ ಹಿಡಿದು ಅದರ ಮೇಲೆ ಹಾಕು, ಆಮೇಲೆ ಒಂದನ್ನು ಎಳೆದುಬಿಡು. ಬಾಯಿ ಸಡಿಲವಾಗಿ ಬರುತ್ತದೆ. ಬಾರ್ಡರ್ ಒಂದೂವರೆ ಇಂಚು ಸಾಲದು, ಮೂರು ಇಂಚು ಮಾಡು. ಹಿಡಿತ ಉದ್ದಕ್ಕೂ ಹಂಚಿಹೋಗುತ್ತದೆ, ಒಂದೇ ಜಾಗದಲ್ಲಿ ಬಿಗಿಯುವುದಿಲ್ಲ.

ಸುತ್ತು ಸೇರಿಸುವ ಮೊದಲು ಕುಣಿಕೆಗಳ ಬುಡ ಎಲ್ಲ ಒಳಗಡೆಗೇ ಇದೆಯಾ ನೋಡು. ಒಂದು ಸಲ ತಿರುಚಿ ಸೇರಿದರೆ ಬಿಚ್ಚದೆ ಬೇರೆ ದಾರಿಯಿಲ್ಲ.

ಮುಳ್ಳೇರಿಯದವಳು · ಜುಲೈ 3

ಐದು ಕಡ್ಡಿಯಲ್ಲೇ ಹೆಣೆಯುತ್ತಿದ್ದೇನೆ. ಮಂಜೇಶ್ವರದ ಅಕ್ಕ ಬೇಜಾರು ಮಾಡಿಕೊಳ್ಳಬೇಡಿ, ಬಿದಿರಿನ ಕಡ್ಡಿ ಮನೆಯಲ್ಲೇ ಇತ್ತು, ಪಕ್ಕದ ಮನೆಯ ಟೀಚರಮ್ಮ ಕೊಟ್ಟದ್ದು. ಅವರು ಮಲಯಾಳಂ ಮಾತಾಡುವವರು, ನಮ್ಮ ಅಮ್ಮ ಅವರ ಜೊತೆ ತುಳುವಿನಲ್ಲಿ ಮಾತಾಡುತ್ತಾರೆ, ನನಗೆ ಅವರು ಕಲಿಸಿದ್ದು ಯಾವ ಭಾಷೆಯಲ್ಲಿ ಅಂತ ಈಗ ನೆನಪೇ ಇಲ್ಲ. ಕೈ ಹಿಡಿದು ನೂಲು ಬೆರಳಿಗೆ ಸುತ್ತಿದ್ದಷ್ಟೇ ನೆನಪು.

ತೊಂದರೆ ಏನೆಂದರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಉದ್ದಕ್ಕೆ ಏಣಿಯ ಹಾಗೆ ಸಂದಿ ಬರುತ್ತಿದೆ. ನಾಲ್ಕು ಕಡೆಯೂ.

ಕೋತಗಿರಿ ಅಕ್ಕ · ಜುಲೈ 3

ಹೊಸ ಕಡ್ಡಿಯ ಮೊದಲ ಕುಣಿಕೆ ಬಿಗಿಯಾಗಿ ಎಳೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಎರಡನೆಯದನ್ನು ಎಳೆ ಅನ್ನುತ್ತೇನೆ. ಮೊದಲನೆಯದು ಹೆಣೆದು, ಎರಡನೆಯದಕ್ಕೆ ಕಡ್ಡಿ ಹಾಕಿದ ಮೇಲೆ ನೂಲು ಜಗ್ಗು, ಆಗ ಮೊದಲನೆಯದು ತಾನೇ ಬಿಗಿದು ಕೂರುತ್ತದೆ. ಆಮೇಲೂ ಸ್ವಲ್ಪ ಉಳಿದರೆ ಒಗೆದಾಗ ಸರಿಹೋಗುತ್ತದೆ.

ತಾಳವಾಡಿ ಮೇಷ್ಟ್ರು · ಜುಲೈ 4

ನಾನು ಹೆಣೆಯುವವನಲ್ಲ. ಮನೆಯವರು ಹೆಣೆಯುತ್ತಾರೆ, ನಾನು ಅವರಿಗೆ ಇಲ್ಲಿ ಬಂದದ್ದನ್ನು ಓದಿ ಹೇಳುತ್ತೇನೆ. ನಮ್ಮ ತಾಳವಾಡಿ ಈರೋಡು ಜಿಲ್ಲೆಯದು, ದಿಂಬಂ ಘಾಟಿ ಹತ್ತಿ ಬಂದರೆ ಊರೆಲ್ಲ ಕನ್ನಡ. ಇವತ್ತು ಓದುವಾಗ ಅವರು ಕೇಳಿದ್ದು ಇದು, ಸ್ಟಿಚ್ಚಿಗೆ ನೀವೆಲ್ಲ ಕುಣಿಕೆ ಅನ್ನುತ್ತೀರಿ, ಅದು ಸರಿಯಾ, ನಾವು ಮನೆಯಲ್ಲಿ ಲೂಪ್ ಅನ್ನುತ್ತೇವೆ ಅಂತ.

ನನಗೆ ಕುಣಿಕೆ ಇಷ್ಟವಾಯಿತು. ದನದ ಹಗ್ಗಕ್ಕೂ ಕುಣಿಕೆಯೇ, ಎಳೆದರೆ ಬಿಚ್ಚಿಹೋಗುವುದು. ಹೆಣಿಗೆಯ ಗುಣವೂ ಅದೇ ಅಲ್ವಾ? ಹಿಮ್ಮಡಿಯ ವಿವರ ಬರೆಯುವಾಗ ದಯವಿಟ್ಟು ಪೂರ್ತಿ ಕನ್ನಡದಲ್ಲೇ ಬರೆಯಿರಿ. ಮನೆಯವರು ಅದನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಲು ಕಾಯುತ್ತಿದ್ದಾರೆ. ಇಂಗ್ಲಿಷ್ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಅವರಿಗೆ ಸಾಕಾಗಿದೆ.

ಕೋತಗಿರಿ ಅಕ್ಕ · ಜುಲೈ 5

ಬರೆದೆ, ಮೇಷ್ಟ್ರೇ. ಮನೆಯವರಿಗೆ ಹೇಳಿ, ಒಂದೊಂದೇ ಸಾಲು ಓದಿ ಹೆಣೆಯಲಿ, ಮುಂದಿನದು ನೋಡಬಾರದು. ಹಿಮ್ಮಡಿಯಲ್ಲಿ ಮುಂದಿನದನ್ನು ಯೋಚಿಸಿದವರೇ ಹೆದರುವುದು.

60ರಲ್ಲಿ ಅರ್ಧ, 30 ಕುಣಿಕೆ ಹಿಮ್ಮಡಿಗೆ. ಉಳಿದ 30 ಪಾದದ ಮೇಲ್ಭಾಗ, ಅವು ಸುಮ್ನೆ ಕಡ್ಡಿಯಲ್ಲಿ ಕಾಯುತ್ತಿರಲಿ. ಈ 30ನ್ನು ಸುತ್ತು ಬಿಟ್ಟು ಹಿಂದೆ ಮುಂದೆ ಹೆಣೆಯುವುದು. ಸೀದಾ ಸಾಲಿನಲ್ಲಿ ಒಂದನ್ನು ಹೆಣೆಯದೆ ಜಾರಿಸು, ಒಂದನ್ನು ಹೆಣೆ, ಹೀಗೇ ಕೊನೆತನಕ. ಉಲ್ಟಾ ಸಾಲಿನಲ್ಲಿ ಮೊದಲನೆಯದು ಮಾತ್ರ ಜಾರಿಸಿ ಉಳಿದದ್ದೆಲ್ಲ ಉಲ್ಟಾ. ಜಾರಿಸಿದ ಕುಣಿಕೆಯ ಹಿಂದೆ ನೂಲು ಅಡ್ಡ ಹಾಯುತ್ತದೆ, ಆದ್ದರಿಂದ ಪಟ್ಟಿ ದಪ್ಪ ಬರುತ್ತದೆ, ಸವೆಯುವುದಿಲ್ಲ. 30 ಸಾಲು. ಅಂಚಿನಲ್ಲಿ ಎರಡೂ ಕಡೆ ಜಡೆ ಹಾಕಿದ ಹಾಗೆ 15 ಕೊಂಡಿ ಕಾಣಬೇಕು.

ಈಗ ತಿರುಗಿಸುವುದು. 17 ಸೀದಾ ಹೆಣೆ. ಮುಂದಿನ ಎರಡನ್ನು ಒಂದೊಂದಾಗಿ ಜಾರಿಸಿ ಹಿಂದಿನಿಂದ ಒಟ್ಟಿಗೆ ಹೆಣೆ. ಇನ್ನೊಂದು ಸೀದಾ. ನಿಲ್ಲು. 10 ಕುಣಿಕೆ ಎಡಗಡೆ ಉಳಿದಿರುತ್ತದೆ, ಅದನ್ನು ಮುಟ್ಟಬೇಡ. ಕೆಲಸ ತಿರುಗಿಸು. ಮೊದಲನೆಯದು ಜಾರಿಸು, 5 ಉಲ್ಟಾ, ಎರಡು ಒಟ್ಟಿಗೆ ಉಲ್ಟಾ, ಒಂದು ಉಲ್ಟಾ. ನಿಲ್ಲು. ಈ ಕಡೆಯೂ 10 ಉಳಿದಿದೆಯಾ ಎಣಿಸು. ತಿರುಗಿಸು.

ಇನ್ನು ಮೇಲೆ ಎಣಿಸುವುದೇ ಬೇಡ, ಕಣ್ಣಿಟ್ಟರೆ ಸಾಕು. ನೀನು ತಿರುಗಿದ ಜಾಗದಲ್ಲಿ ಒಂದು ಸಂದಿ ಕಾಣುತ್ತದೆ. ಮೊದಲನೆಯದು ಜಾರಿಸಿ ಸಂದಿಗೆ ಒಂದು ಕುಣಿಕೆ ಮುಂಚೆವರೆಗೆ ಹೋಗು. ಸಂದಿಯ ಈಚೆಯದೊಂದು, ಆಚೆಯದೊಂದು, ಎರಡೂ ಒಟ್ಟಿಗೆ. ಮತ್ತೊಂದು ಹೆಣೆ. ತಿರುಗು. ಹೀಗೇ ಎರಡೂ ಕಡೆಯ ಹತ್ತೂ ಮುಗಿಯುವ ತನಕ. ಒಟ್ಟು 12 ಸಾಲು, ಕೊನೆಗೆ 18 ಕುಣಿಕೆ ಉಳಿಯುತ್ತದೆ. 18 ಬಂತು ಅಂದರೆ ತಪ್ಪಾಗಿಲ್ಲ.

ತಾಳವಾಡಿ ಮೇಷ್ಟ್ರು · ಜುಲೈ 5

ಓದಿ ಹೇಳಿದೆ. ಮನೆಯವರು "ದಿಂಬಂ ಘಾಟಿ ಹತ್ತಿದ ಹಾಗೆ" ಅಂದರು. ಅಲ್ಲಿ 27 ತಿರುವು, ಇಲ್ಲಿ 12. ಪೂರ್ತಿ ಆಚೆಗೆ ಹೋಗದೆ ನಡುವೆಯೇ ತಿರುಗಿ ತಿರುಗಿ ಮೇಲೆ ಬರುವುದು. ಅಷ್ಟು ಹೇಳಿ ಕಡ್ಡಿ ಹಿಡಿದು ಕೂತರು.

ಮುಳ್ಳೇರಿಯದವಳು · ಜುಲೈ 8

ಅಕ್ಕ, 17 ಬಂದಿದೆ. 18 ಅಲ್ಲ.

ಕೋತಗಿರಿ ಅಕ್ಕ · ಜುಲೈ 8

ಒಂದು ಕಡೆ ಒಟ್ಟಿಗೆ ಹೆಣೆದ ಮೇಲೆ "ಮತ್ತೊಂದು ಹೆಣೆ" ಅನ್ನುವುದನ್ನು ಬಿಟ್ಟಿದ್ದೀಯಾ. ಆಗ ಒಂದು ಕಡೆಗೆ ಸಾಲು ಜಾಸ್ತಿ ಬೇಕಾಗುತ್ತದೆ, ಒಂದು ಕುಣಿಕೆ ಜಾಸ್ತಿ ತಿನ್ನುತ್ತದೆ. ಬಿಚ್ಚುವ ಮೊದಲು ಪಟ್ಟಿಯ ಬುಡದಲ್ಲಿ ಬೇರೆ ಬಣ್ಣದ ನೂಲನ್ನು ಸೂಜಿಯಲ್ಲಿ 30 ಕುಣಿಕೆಯೊಳಗೂ ಹಾಯಿಸಿಕೋ. ಬಿಚ್ಚುತ್ತಾ ಬಂದರೆ ಅಲ್ಲಿಗೆ ತಾನೇ ನಿಲ್ಲುತ್ತದೆ. ಜೀವದಾರ ಅನ್ನುತ್ತೇನೆ ನಾನು ಅದಕ್ಕೆ.

ಮುಳ್ಳೇರಿಯದವಳು · ಜುಲೈ 9

ಆಯಿತು!! 18.

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು. ಚಾರ್ಜರ್ ಲೈಟಿನಲ್ಲಿ ಕೂತು ಹೆಣೆದೆ. ಏಳನೇ ಸಾಲಿನ ತನಕ ಏನೂ ಕಾಣಲಿಲ್ಲ, ಚಪ್ಪಟೆ ಪಟ್ಟಿ ಅಷ್ಟೇ, ತುದಿ ಸ್ವಲ್ಪ ಸುಕ್ಕಾದ ಹಾಗೆ. ಎಂಟನೆಯದಕ್ಕೆ ಅದು ತಾನಾಗಿ ಬಾಗಿತು. ಹನ್ನೆರಡನೆಯದು ಮುಗಿಯುವಾಗ ಸಣ್ಣ ಬಟ್ಟಲು. ಹೆಬ್ಬೆರಳು ಒಳಗಿಟ್ಟು ತಿರುಗಿಸಿ ನೋಡಿದರೆ ನಮ್ಮ ಅಡಿಕೆ ಹಾಳೆಯ ಮುಟ್ಟಾಳೆಯೇ, ಗೊಂಬೆಯ ತಲೆಗೆ ಆಗುವಷ್ಟು ಚಿಕ್ಕದು. ಅಪ್ಪನಿಗೆ ತೋರಿಸಿದೆ. ಅವರು ಒಂದು ಕಾಲದಲ್ಲಿ ಮುಟ್ಟಾಳೆ ಕಟ್ಟುತ್ತಿದ್ದವರು, ಹಾಳೆಯನ್ನು ನೀರಲ್ಲಿ ನೆನೆಸಿ, ಮಡಚಿ, ನೆರಿಗೆ ಹಿಡಿದು ಹೊಲಿಯುತ್ತಿದ್ದರು. ಇದರಲ್ಲಿ ನೆರಿಗೆ ಎಲ್ಲಿ, ಹೊಲಿಗೆ ಎಲ್ಲಿ ಅಂತ ಕನ್ನಡಕ ಹಾಕಿ ಹುಡುಕಿದರು. ನೆರಿಗೆ ಇಲ್ಲ ಅಪ್ಪ, ಕುಣಿಕೆ ಕಡಿಮೆ ಮಾಡಿ ಮಾಡಿ ಬಾಗಿಸಿದ್ದು ಅಂದೆ. ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಮಂಜೇಶ್ವರ ಕಡಲು · ಜುಲೈ 9

ಓದಿ ಖುಷಿಯಾಯಿತು ಮಾರಾಯ್ತಿ. ನಾನೂ ಉಣ್ಣೆ ತರಿಸುತ್ತೇನೆ.

ಹೊಸೂರು ಶಿಫ್ಟ್ · ಜುಲೈ 10

ಮುಂದೆ ಗಸೆಟ್, ಅಂದರೆ ಹಿಮ್ಮಡಿಯನ್ನು ಪಾದಕ್ಕೆ ಸೇರಿಸುವ ಭಾಗ, ಅದು ಸುಲಭ ಅಕ್ಕ. ಪಟ್ಟಿಯ ಅಂಚಿನ 15 ಕೊಂಡಿಯಿಂದ 15 ಕುಣಿಕೆ ಎತ್ತಿಕೊಳ್ಳಿ, ಮೂಲೆಯಲ್ಲಿ ಇನ್ನೊಂದು ಜಾಸ್ತಿ ಎತ್ತಿ, ಇಲ್ಲದಿದ್ದರೆ ಅಲ್ಲಿ ತೂತು ಬೀಳುತ್ತದೆ. ಎರಡೂ ಕಡೆ 16, ನಡುವೆ 18, ಮೇಲ್ಭಾಗ 30. ಒಟ್ಟು 80. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೆರಡು ಕಡಿಮೆ ಮಾಡುತ್ತಾ ಮತ್ತೆ 60ಕ್ಕೆ ಬನ್ನಿ, 20 ಸುತ್ತು ಆಗುತ್ತದೆ. ಆಮೇಲೆ ನೇರ ಹೆಣೆಯುವುದು. ಕಾಲುಚೀಲ ಪಾದಕ್ಕಿಂತ ಒಂದು ಸೆಂಟಿಮೀಟರ್ ಚಿಕ್ಕದಿರಬೇಕು, ನಿಮ್ಮದು 24 ಆಗಲಿ. ಹಿಮ್ಮಡಿಯಿಂದ 19 ಸೆಂ.ಮೀ. ಆದಾಗ ತುದಿ ಶುರು ಮಾಡಿ. ನಾನು ನೈಟ್ ಶಿಫ್ಟ್ ಬ್ರೇಕಲ್ಲಿ ಈ ನೇರ ಭಾಗವನ್ನೇ ಹೆಣೆಯುವುದು, ಮಾತಾಡುತ್ತಾ ಮಾಡಬಹುದು.

ತುದಿಗೆ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ನಾಲ್ಕು ಕಡಿಮೆ, 32 ಬರುವ ತನಕ. ಆಮೇಲೆ ಪ್ರತಿ ಸುತ್ತಿಗೂ ನಾಲ್ಕು, 16ಕ್ಕೆ ನಿಲ್ಲಿಸಿ. ಎರಡು ಕಡ್ಡಿಯಲ್ಲಿ ಎಂಟೆಂಟು.

ಮುಳ್ಳೇರಿಯದವಳು · ಜುಲೈ 19

ಎಂಟೆಂಟು ಬಂದು ಕೂತಿದೆ. ಮುಚ್ಚುವುದು ಹೇಗೆ? ಗಂಟು ಹಾಕಿ ಎಳೆದರೆ ಬೆರಳಿಗೆ ಒತ್ತುತ್ತದೆ ಅಂತ ಟೀಚರಮ್ಮ ಹೇಳಿದರು.

ಹೊಸೂರು ಶಿಫ್ಟ್ · ಜುಲೈ 19

ಕಿಚನರ್ ಹೊಲಿಗೆ. ದೊಡ್ಡ ಕಣ್ಣಿನ ಮೊಂಡು ಸೂಜಿ ಬೇಕು. ಎರಡು ಕಡ್ಡಿ ಒಂದರ ಹಿಂದೆ ಒಂದು ಹಿಡಿದುಕೊಳ್ಳಿ. ಶುರುವಿಗೆ ಮಾತ್ರ ಮುಂದಿನ ಮೊದಲ ಕುಣಿಕೆಗೆ ಉಲ್ಟಾ ಹಾಯಿಸಿ ಬಿಡಿ, ಹಿಂದಿನದಕ್ಕೆ ಸೀದಾ ಹಾಯಿಸಿ ಬಿಡಿ. ಅಲ್ಲಿಂದ ಮುಂದೆ ನಾನು ಬಾಯಲ್ಲಿ ಹೇಳಿಕೊಳ್ಳುವುದು ಇದು:

ಮುಂದೆ, ಸೀದಾ ತೆಗಿ, ಉಲ್ಟಾ ಬಿಡು.
ಹಿಂದೆ, ಉಲ್ಟಾ ತೆಗಿ, ಸೀದಾ ಬಿಡು.

ತೆಗಿ ಅಂದರೆ ನೂಲು ಹಾಯಿಸಿ ಕಡ್ಡಿಯಿಂದ ಇಳಿಸುವುದು. ಬಿಡು ಅಂದರೆ ನೂಲು ಹಾಯಿಸಿ ಕಡ್ಡಿಯಲ್ಲೇ ಬಿಡುವುದು. ಯಾರ ಜೊತೆಗೂ ಮಾತಾಡಬೇಡಿ, ಫೋನ್ ಎತ್ತಬೇಡಿ, ನಡುವೆ ನಿಲ್ಲಿಸಿದರೆ ಎಲ್ಲಿದ್ದೆವು ಅಂತ ಸಿಗುವುದಿಲ್ಲ.

ಮುಳ್ಳೇರಿಯದವಳು · ಜುಲೈ 20

ಒಂದು ಕಾಲಿನದ್ದು ಮುಗಿಯಿತು. ತೆಗಿ ಬಿಡು ಅಂತ ನಾನು ಹೇಳುತ್ತಿದ್ದರೆ ಅಮ್ಮ ಒಲೆ ಹತ್ತಿರದಿಂದ "ಯಾರಿಗೆ ಹೇಳುವುದು" ಅಂತ ಕೇಳಿದರು. ಉತ್ತರ ಕೊಡಲಿಲ್ಲ. ಹೊಲಿಗೆ ಎಲ್ಲಿದೆ ಅಂತ ಈಗ ನನಗೇ ಸಿಗುತ್ತಿಲ್ಲ.

ಸೊಲ್ಲಾಪುರದ ನೂಲು · ಜುಲೈ 20

ಇವತ್ತೇ ಎರಡನೇದಕ್ಕೆ 60 ಕುಣಿಕೆ ಹಾಕಿಬಿಡ್ರಿ ತಂಗಿ. ಬಾರ್ಡರ್ ಒಂದು ಸಾಲು ಆದರೂ ಸಾಕು. ಒಂದೇ ಮಾಡಿ ಪೆಟ್ಟಿಗೆಯಲ್ಲಿಟ್ಟವರು ಬಹಳ ಮಂದಿ. ಮತ್ತೆ ಮೊದಲನೇದರ ಸಾಲುಗಳನ್ನು ಎಣಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ರಿ. ಸೆಂಟಿಮೀಟರ್ ನಂಬಿದರೆ ಒಂದು ಉದ್ದ ಒಂದು ಗಿಡ್ಡ ಆಗುತ್ತದೆ, ಸಾಲು ಎಣಿಸಿದರೆ ಆಗುವುದಿಲ್ಲ.

ತಾಳವಾಡಿ ಮೇಷ್ಟ್ರು · ಜುಲೈ 28

ನಮ್ಮ ಮನೆಯಲ್ಲೂ ಒಂದು ಕಾಲು ಮುಗಿದಿದೆ. ನನ್ನ ಅಳತೆಯದ್ದು. ಕೆಂಪು.

ಮುಳ್ಳೇರಿಯದವಳು · ಆಗಸ್ಟ್ 9

ಜೋಡಿ ಮುಗಿಯಿತು. ತೂಗಿದೆ, 70 ಗ್ರಾಂ. ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಒಳಗೆ ಫ್ಯಾನಿನ ಕೆಳಗೆ ಹರಡಿದೆ. ಈ ಮಳೆಯಲ್ಲಿ ಒಣಗಲು ಎರಡು ದಿನ ಹಿಡಿಯಿತು. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಇಡು ಅಂದರು, ಹೊಗೆ ವಾಸನೆ ಹಿಡಿಯುತ್ತದೆ ಅಂತ ನಾನು ಬಿಡಲಿಲ್ಲ.

ಅಪ್ಪ ಮೂರು ರಾತ್ರಿಯಿಂದ ಹಾಕಿಕೊಂಡು ಮಲಗುತ್ತಿದ್ದಾರೆ. ಬೆಳಿಗ್ಗೆ ನೋಡಿದೆ, ಗೆರೆ ಇಲ್ಲ. ಬಾರ್ಡರಿನ ಸೀದಾ ಉಲ್ಟಾ ಅಚ್ಚು ಸ್ವಲ್ಪ ಇತ್ತು, ಚಾ ಕುಡಿದು ಮುಗಿಸುವಾಗ ಅದೂ ಹೋಗಿತ್ತು. ಆದರೆ ಈಗ ಹೊಸದೊಂದು ಶುರುವಾಗಿದೆ. ಬೆಳಿಗ್ಗೆ ಅಂಗಳಕ್ಕೆ ಇಳಿಯುವಾಗ ಹವಾಯಿ ಚಪ್ಪಲಿ ಹಾಕಬೇಕು, ಕಾಲುಚೀಲ ಇದ್ದರೆ ಬಾರು ಬೆರಳ ಸಂದಿಗೆ ಹೋಗುವುದಿಲ್ಲ. ತೆಗೆಯಲು ಅವರಿಗೆ ಮನಸ್ಸಿಲ್ಲ. "ಹೆಬ್ಬೆರಳಿಗೆ ಬೇರೆ ಕೋಣೆ ಮಾಡಲಿಕ್ಕೆ ಆಗುತ್ತದಾ" ಅಂತ ಕೇಳಿದರು. ಆಗುತ್ತದಾ?

ಸೊಲ್ಲಾಪುರದ ನೂಲು · ಆಗಸ್ಟ್ 9

ಆಗುತ್ತದೆ, ಮತ್ತೆ ನಿಮ್ಮ ಅಪ್ಪಾರು ಕೇಳಿದ್ದು ಬಹಳ ಹಳೇ ಮಾತು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಜಿಪ್ಟಿನಲ್ಲಿ ಸಿಕ್ಕಿದ ಒಂದು ಜೋಡಿ ಕೆಂಪು ಉಣ್ಣೆಯ ಕಾಲುಚೀಲ ಇದೆ. ಸುಮಾರು 1,600 ವರ್ಷಕ್ಕೂ ಹಳೇದು. ಹೆಬ್ಬೆರಳಿಗೆ ಬೇರೆ, ಉಳಿದ ನಾಲ್ಕಕ್ಕೆ ಬೇರೆ, ಎರಡು ಕವಲು. ಬಾರಿನ ಚಪ್ಪಲಿ ಹಾಕಲು ಹಾಗೆ ಮಾಡಿದ್ದು. ಅದು ಈಗಿನ ಹಾಗೆ ಎರಡು ಕಡ್ಡಿಯ ಹೆಣಿಗೆ ಅಲ್ಲ, ಒಂದೇ ಸೂಜಿಯಿಂದ ಕುಣಿಕೆ ಹಾಕಿದ್ದು. ಚಿತ್ರ ನೋಡಿದರೆ ಕಾಲು ಈಗಷ್ಟೇ ಹೊರಗೆ ತೆಗೆದ ಹಾಗೆ ಕಾಣುತ್ತದೆ.

ಕೋತಗಿರಿ ಅಕ್ಕ · ಆಗಸ್ಟ್ 10

ತುದಿ ಮಾತ್ರ ಬಿಚ್ಚು, ಉಳಿದದ್ದು ಹಾಗೇ ಇರಲಿ. ಹಿಮ್ಮಡಿಯಿಂದ ಹೆಬ್ಬೆರಳ ಸಂದಿಯವರೆಗೆ ಎಷ್ಟಿದೆ ಅಂತ ಮೊದಲು ಅಳೆದು ಹೇಳು.

ಮುಳ್ಳೇರಿಯದವಳು · ಆಗಸ್ಟ್ 10

20 ಸೆಂ.ಮೀ.

ಕೋತಗಿರಿ ಅಕ್ಕ · ಆಗಸ್ಟ್ 10

ಹಾಗಾದರೆ 19ರವರೆಗೆ ಬಿಚ್ಚಿ, 60 ಕುಣಿಕೆಯನ್ನೂ ಕಡ್ಡಿಗೆ ಏರಿಸಿ, ಇನ್ನೊಂದು ಸೆಂಟಿಮೀಟರ್ ನೇರ ಹೆಣೆ. ಈಗ ಹೆಬ್ಬೆರಳ ಕಡೆಯ ಅಂಚಿನಿಂದ ಮೇಲಿನ 10, ಕೆಳಗಿನ 10, ಈ 20ನ್ನು ಇಟ್ಟುಕೊಂಡು ಉಳಿದ 40ನ್ನು ಜೀವದಾರಕ್ಕೆ ಹಾಕಿಬಿಡು. ಸಂದಿಯಲ್ಲಿ ಹೊಸದಾಗಿ 4 ಕುಣಿಕೆ ಹಾಕು, 24 ಆಯಿತು. ಅದನ್ನು ಸುತ್ತಾಗಿ ಹೆಣೆದು, ಉಗುರು ಅರ್ಧ ಮುಚ್ಚಿದಾಗ ಬೇಗ ಬೇಗ ಕಡಿಮೆ ಮಾಡಿ ನೂಲು ಎಳೆದು ಮುಚ್ಚು. ಮತ್ತೆ ಜೀವದಾರದ 40, ಸಂದಿಯ 4ರ ಬುಡದಿಂದ ಇನ್ನು 4 ಎತ್ತಿಕೊಂಡರೆ 44, ಇದು ಉಳಿದ ಬೆರಳುಗಳ ಕೋಣೆ. ಇದರಲ್ಲಿ ಕಿರುಬೆರಳ ಕಡೆ ಜಾಸ್ತಿ ಕಡಿಮೆ ಮಾಡು, ಸಂದಿಯ ಕಡೆ ನೇರವಾಗಿ ಬಿಡು, ಬೆರಳು ಇರುವುದೂ ಹಾಗೇ ಇಳಿಜಾರು. 30 ಗ್ರಾಂ ಉಳಿದಿದೆಯಲ್ಲ, ಧಾರಾಳ ಸಾಕು.

ಒಂದು ಮಾತು, ತಂಗಿ. ಇಷ್ಟು ದಿನ ಯಾವುದನ್ನು ಯಾವ ಕಾಲಿಗೆ ಹಾಕಿದರೂ ನಡೆಯುತ್ತಿತ್ತು. ಇನ್ನು ಹಾಗಲ್ಲ. ಬಿಚ್ಚುವ ಮೊದಲು ಎರಡನ್ನೂ ಅಪ್ಪನ ಕಾಲಿಗೆ ಹಾಕಿಸಿ, ಬಲಗಾಲಿನದಕ್ಕೆ ಮೇಲ್ಭಾಗದಲ್ಲಿ ಕೆಂಪು ನೂಲು ಕಟ್ಟಿಬಿಡು.

ಮುಳ್ಳೇರಿಯದವಳು · ಆಗಸ್ಟ್ 10

ಕಟ್ಟಿದೆ. ಅಪ್ಪ ಕಾಲು ಚಾಚಿ ಕೂತಿದ್ದಾರೆ, ಬಿಚ್ಚುವುದು ನೋಡಬೇಕಂತೆ.